ಬ್ಲಾಕಿಂಗ್ ಪೆಪ್ಟೈಡ್ ಹಾಕಿದರೆ ಎರಡೂ ಬ್ಯಾಂಡ್ ಮಾಯ! ಹಾಗಾದರೆ ಇಆರ್ ಬೀಟಾ ಯಾವುದು?

ಬ್ಲಾಟ್ ಬೇಸರ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರ್ಯಾಟ್‌ನ ಅಂಡಾಶಯ ಮತ್ತು ಪ್ರಾಸ್ಟೇಟ್‌ನಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್, ಅಂದರೆ ಈಸ್ಟ್ರೊಜೆನ್ ರಿಸೆಪ್ಟರ್ ಬೀಟಾ (ಇಆರ್ ಬೀಟಾ), ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಮೊಲದಲ್ಲಿ ತಯಾರಿಸಿದ ಪಾಲಿಕ್ಲೋನಲ್ (ಹಲವು ಬಗೆ ಕಲೆತಿರುವ) ಆ್ಯಂಟಿಬಾಡಿ ಬಳಸುತ್ತಿದ್ದೇವೆ. ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಆ್ಯಂಟಿಬಾಡಿಯಿಂದ ಗುರುತಿಸಿದಾಗ, ಎರಡು ಬ್ಯಾಂಡ್ ಬರುತ್ತವೆ. ಒಂದು 59 ಕಿಲೋಡಾಲ್ಟನ್ ಆಸುಪಾಸು, ಇನ್ನೊಂದು 75ರ ಹತ್ತಿರ. ಎರಡನೆಯದೇ ದಪ್ಪ.

ಪೇಪರ್ ಕಳಿಸಿದೆವು. ಆ್ಯಂಟಿಬಾಡಿ ಸರಿಯಾದ ಪ್ರೋಟೀನನ್ನೇ ಹಿಡಿಯುತ್ತಿದೆ ಎನ್ನುವುದಕ್ಕೆ ಬ್ಲಾಕಿಂಗ್ ಪೆಪ್ಟೈಡ್ ಕಂಟ್ರೋಲ್ ತೋರಿಸಿ ಎಂದು ರಿವ್ಯೂವರ್ ಕೇಳಿದ್ದಾರೆ. ಅದೇ ಕಂಪನಿಯಿಂದ ಪೆಪ್ಟೈಡ್ ತರಿಸಿ ಹಾಕಿದೆ. ಎರಡೂ ಬ್ಯಾಂಡ್ ಮಾಯ, ಮೆಂಬ್ರೇನ್ ಬೆಳ್ಳಗೆ! ಗೈಡ್‌ಗೆ ಭಾರೀ ಖುಷಿ. "ಆ್ಯಂಟಿಬಾಡಿ ಸ್ಪೆಸಿಫಿಕ್ ಎಂದು ಬರೆದು ಕಳಿಸು" ಎನ್ನುತ್ತಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಎರಡೂ ಹೋದರೆ ಎರಡೂ ಇಆರ್ ಬೀಟಾನೇ ಎಂದು ಅರ್ಥವಾ? ಇನ್ನೊಂದು ಸಂಕಟ ಎಂದರೆ ಪೆಪ್ಟೈಡ್ ವೈಯಲ್ ಒಂದೇ ಬ್ಲಾಟ್‌ಗೆ ಖಾಲಿಯಾಯಿತು. ಎಲ್ಲರಿಗೂ ಹೀಗೇನಾ?

ಪಿಪೆಟ್ ಪುಟ್ಟಪ್ಪ
ಸ್ಪೆಸಿಫಿಕ್ ಎಂದು ಬರೆಯಬೇಡಿ. ನಿಮ್ಮ ಅನುಮಾನ ಸರಿಯಾಗಿದೆ.

ಈ ಪೆಪ್ಟೈಡ್ ಯಾವುದು ನೋಡಿ. ರಿಸೆಪ್ಟರ್‌ನ ಯಾವ ತುಣುಕನ್ನು ಮೊಲಕ್ಕೆ ಚುಚ್ಚಿ ಆ್ಯಂಟಿಬಾಡಿ ಬರಿಸಿದರೋ ಅದೇ ತುಣುಕು. ಅದನ್ನು ಆ್ಯಂಟಿಬಾಡಿ ಜೊತೆ ಮೊದಲೇ ಕಲಸಿಟ್ಟರೆ ಹಿಡಿಯುವ ಜಾಗ ಪೂರ್ತಿ ತುಂಬಿಹೋಗುತ್ತದೆ. ಆಮೇಲೆ ಅದು ಅಸಲಿ ರಿಸೆಪ್ಟರನ್ನೂ ಹಿಡಿಯುವುದಿಲ್ಲ, ದಾರಿತಪ್ಪಿ ಹಿಡಿಯುತ್ತಿದ್ದ ಬೇರೆ ಪ್ರೋಟೀನನ್ನೂ ಹಿಡಿಯುವುದಿಲ್ಲ. ಹಾಗಾಗಿ ಎರಡೂ ಮಾಯ. ಈ ಎರಡೂ ಬ್ಯಾಂಡ್ ಆ್ಯಂಟಿಬಾಡಿಯ ಹಿಡಿಯುವ ಜಾಗದಿಂದಲೇ ಬಂದವು, ಬ್ಯಾಂಡ್ ಕಾಣಿಸಲು ಆಮೇಲೆ ಹಾಕುವ ಸೆಕೆಂಡರಿ ಆ್ಯಂಟಿಬಾಡಿಯ ಕಿತಾಪತಿ ಅಲ್ಲ, ಸುಮ್ನೆ ಅಂಟಿಕೊಂಡ ಐಜಿಜಿ (ಆ್ಯಂಟಿಬಾಡಿ ಅಣು) ಅಲ್ಲ. ಇಷ್ಟು ಮಾತ್ರ ಗೊತ್ತಾಯಿತು. ಅವುಗಳ ಹೆಸರು ಗೊತ್ತಾಗಲಿಲ್ಲ.

ಧಾರವಾಡ ಪೇಡ
ಪುಟ್ಟಪ್ಪನವರೇ, ಹುಡುಗಿ ಪೇಪರ್ ಪಾಸ್ ಮಾಡಬೇಕ್ರಿ, ನೊಬೆಲ್ ಅಲ್ಲ. ರಿವ್ಯೂವರ್ ಪೆಪ್ಟೈಡ್ ಕೇಳಿದರು, ಪೆಪ್ಟೈಡ್ ಕೊಟ್ಟರಾಯಿತು. ಕೇಳದಿರುವ ಪ್ರಶ್ನೆಗೆ ಯಾಕೆ ಉತ್ತರ?

ಪಿಪೆಟ್ ಪುಟ್ಟಪ್ಪ
ಯಾಕೆ ಎಂದರೆ 75ರ ಬ್ಯಾಂಡ್ ಅದೇ ಚಿತ್ರದಲ್ಲಿ ದಪ್ಪಗೆ ಕೂತಿದೆ. ಇದೇನು ಎಂದು ಎರಡನೇ ಸುತ್ತಿನಲ್ಲಿ ಕೇಳೇ ಕೇಳುತ್ತಾರೆ. ಆಗ ಮತ್ತೆ ಆರು ತಿಂಗಳು.

ಕುತೂಹಲಿ
ನಾನು ಸಾಫ್ಟ್‌ವೇರ್‌ನವನು, ತಂಗಿ ಬಯೋಟೆಕ್ ಓದುತ್ತಾಳೆ ಎಂದು ಇಲ್ಲಿ ಇಣುಕುತ್ತೇನೆ. ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ಮಾಯವಾದರೆ ಪಾಸ್ ಅಲ್ವಾ? ಟೆಸ್ಟ್ ಪಾಸ್ ಆದಮೇಲೂ ಜಗಳ ಯಾಕೆ?

ಪಿಪೆಟ್ ಪುಟ್ಟಪ್ಪ
ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಪೆಪ್ಟೈಡ್ ಆ ಟವೆಲ್. ಎಲ್ಲ ಸೀಟಿಗೂ ಟವೆಲ್ ಬಿದ್ದರೆ ಯಾರೂ ಕೂರುವುದಿಲ್ಲ. ರಿಸರ್ವೇಶನ್ ಇದ್ದವನೂ ನಿಂತಿರುತ್ತಾನೆ, ಟಿಕೆಟ್ ಇಲ್ಲದವನೂ ನಿಂತಿರುತ್ತಾನೆ. ಸೀಟು ಖಾಲಿ ಕಂಡ ಮಾತ್ರಕ್ಕೆ ಮೊದಲು ಕೂತಿದ್ದವನ ಹತ್ತಿರ ಟಿಕೆಟ್ ಇತ್ತು ಎನ್ನಲು ಬರುತ್ತಾ?

ಕುತೂಹಲಿ
ಈಗ ಅರ್ಥವಾಯಿತು ಗುರುಗಳೇ.

ಧಾರವಾಡ ಪೇಡ
ಹುಬ್ಬಳ್ಳಿ ಬಸ್ಸಿನಾಗ ಟವೆಲ್ ಹಾಕಿದರೂ ಸರಿಸಿ ಕೂರುತ್ತಾರ್ರೀ.

ಕರಾವಳಿ ಸೆಲ್‌ಕಲ್ಚರ್
ಪೇಡ ಅವರೇ, ನೀವು ತಮಾಷೆಗೆ ಹೇಳಿದರೂ ಅದೂ ಆಗುತ್ತದೆ ಮಾರಾಯ್ರೆ! ಪೆಪ್ಟೈಡ್ ಕಮ್ಮಿ ಹಾಕಿದರೆ ಬ್ಯಾಂಡ್ ಪೂರ್ತಿ ಹೋಗುವುದಿಲ್ಲ, ಮಸುಕಾಗುತ್ತದೆ ಅಷ್ಟೇ. ಆಗ ಇದು ಸ್ಪೆಸಿಫಿಕ್ಕೋ ಅಲ್ಲವೋ ಎಂದು ಲ್ಯಾಬ್‌ನಲ್ಲಿ ದೊಡ್ಡ ಯುದ್ಧ.

ಸ್ಟಾಕ್‌ಹೋಮ್ ಕನ್ನಡಿಗ
ಇಆರ್ ಬೀಟಾ ಎಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ನ್ಯೂಕ್ಲಿಯರ್ ರಿಸೆಪ್ಟರ್‌ಗಳಲ್ಲಿ, ಅಂದರೆ ಹಾರ್ಮೋನ್‌ನಂಥವನ್ನು ಹಿಡಿದು ಡಿಎನ್‌ಎ ಮೇಲೆ ಕೆಲಸ ಮಾಡುವ ರಿಸೆಪ್ಟರ್‌ಗಳಲ್ಲಿ, ಆ್ಯಂಟಿಬಾಡಿ ವಿಷಯಕ್ಕೆ ಇದರಷ್ಟು ಕೆಟ್ಟ ಹೆಸರು ಪಡೆದದ್ದು ಇನ್ನೊಂದಿಲ್ಲ.

1996ರಲ್ಲಿ ಇಲ್ಲಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಯಾನ್-ಓಕೆ ಗುಸ್ಟಾಫ್ಸನ್ ಗುಂಪು ಇದನ್ನು ರ್ಯಾಟ್ ಪ್ರಾಸ್ಟೇಟ್‌ನಿಂದ ಕ್ಲೋನ್ ಮಾಡಿತು. ಆಮೇಲೆ ಆ್ಯಂಟಿಬಾಡಿಗಳ ಸಂತೆಯೇ ನೆರೆಯಿತು. ಸ್ತನ, ಕರುಳು, ಮೆದುಳು, ಎಲ್ಲ ಕಡೆ ಬೀಟಾ ಇದೆ ಎಂದು ಸಾಲು ಸಾಲು ಪೇಪರ್ ಬಂದವು. 2017ರಲ್ಲಿ ಸ್ವೀಡನ್‌ನ ತಂಡವೊಂದು 13 ಆ್ಯಂಟಿಬಾಡಿಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲಿ ಬರೆಯಿತು. ನಂಬಬಹುದು ಎಂದು ಉಳಿದದ್ದು ಒಂದೇ, ಪಿಪಿಝಡ್0506 ಎಂಬ ಮಾನೋಕ್ಲೋನಲ್ (ಒಂದೇ ಬಗೆಯ ಆ್ಯಂಟಿಬಾಡಿ). ಅದರಿಂದ ನೋಡಿದರೆ ಮನುಷ್ಯರ ವೃಷಣ, ಅಂಡಾಶಯ, ಲಿಂಫಾಯ್ಡ್ ಕೋಶಗಳಲ್ಲಿ ಬೀಟಾ ಇದೆ. ಸ್ತನದಲ್ಲಿ ಇಲ್ಲ. ಆರೋಗ್ಯವಾದ ಸ್ತನದಲ್ಲೂ ಇಲ್ಲ, ಸ್ತನ ಕ್ಯಾನ್ಸರ್‌ನಲ್ಲೂ ಇಲ್ಲ! ಎಷ್ಟು ಥೀಸಿಸ್ ಅದರ ಮೇಲೆ ನಿಂತಿವೆಯೋ ದೇವರಿಗೇ ಗೊತ್ತು.

ಸೋತ ಆ್ಯಂಟಿಬಾಡಿಗಳಲ್ಲಿ ಪೆಪ್ಟೈಡ್‌ನಿಂದ ಬರಿಸಿದ್ದು ಯಾವುದೇ ಇರಲಿ, ಅದೇ ಪೆಪ್ಟೈಡ್ ಹಾಕಿದರೆ ಬ್ಯಾಂಡ್ ಮಾಯವಾಗಿಯೇ ಆಗುತ್ತದೆ. ತಪ್ಪು ಪ್ರೋಟೀನ್ ಹಿಡಿಯುವ ಆ್ಯಂಟಿಬಾಡಿಯೂ ಈ ಪರೀಕ್ಷೆಯಲ್ಲಿ ಪಾಸ್.

ರಿವ್ಯೂವರ್ ನಂಬರ್ ಎರಡು
ಹೊಸ ವಿಷಯವೂ ಅಲ್ಲ ಇದು. ನರವಿಜ್ಞಾನದವರು ಇದೇ ಪೆಪ್ಟೈಡ್ ಕಂಟ್ರೋಲ್ ಬಗ್ಗೆ 2003ರಲ್ಲೇ ಕೂಗಿದ್ದರು. ಕ್ಲಿಫರ್ಡ್ ಸೇಪರ್ ಮತ್ತು ಪಾಲ್ ಸಾಚೆಂಕೊ ಎಂದು ಹುಡುಕಿ. 2016ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಆ್ಯಂಟಿಬಾಡಿ ಪರೀಕ್ಷೆಗೆ ಐದು ದಾರಿ ಹೇಳಿತು. ಜೀನ್ ತೆಗೆದು ನೋಡುವುದು, ಆ್ಯಂಟಿಬಾಡಿ ಇಲ್ಲದ ವಿಧಾನದ ಜೊತೆ ಹೋಲಿಸುವುದು, ಬೇರೆ ಭಾಗ ಹಿಡಿಯುವ ಇನ್ನೊಂದು ಆ್ಯಂಟಿಬಾಡಿ, ಟ್ಯಾಗ್ ಹಾಕಿದ ಪ್ರೋಟೀನ್, ಆ್ಯಂಟಿಬಾಡಿ ಹಿಡಿದದ್ದನ್ನು ಎಳೆದು ತೆಗೆದು ಮಾಸ್ ಸ್ಪೆಕ್ ಯಂತ್ರದಲ್ಲಿ ಯಾವ ಪ್ರೋಟೀನ್ ಎಂದು ನೋಡುವುದು. ಆ ಐದರಲ್ಲಿ ಬ್ಲಾಕಿಂಗ್ ಪೆಪ್ಟೈಡ್ ಇಲ್ಲವೇ ಇಲ್ಲ.

ಧಾರವಾಡ ಪೇಡ
ಹಂಗಾದರೆ ಕಂಪನಿಯವರು ಯಾಕೆ ಮಾರುತ್ತಾರೆ, ರಿವ್ಯೂವರ್ ಯಾಕೆ ಕೇಳುತ್ತಾರೆ? ಪೂರಾ ದಂಡ ಅಂತೀರೇನು?

ರಿವ್ಯೂವರ್ ನಂಬರ್ ಎರಡು
ದಂಡ ಅಲ್ಲ. ಪೆಪ್ಟೈಡ್ ಹಾಕಿದಮೇಲೂ ಬ್ಯಾಂಡ್ ಹೋಗದಿದ್ದರೆ ಅದು ಕಸ ಎಂದು ಗೊತ್ತಾಗುತ್ತದೆ. ಅಷ್ಟಕ್ಕೆ ಈ ಪರೀಕ್ಷೆ ಚೆನ್ನ. ಹೋಯಿತು ಎಂದರೆ ಮಾತ್ರ ಹೆಚ್ಚೇನೂ ಗೊತ್ತಾಗುವುದಿಲ್ಲ. ಜನ ಇದನ್ನು ಉಲ್ಟಾ ಓದುತ್ತಾರೆ.

ಬ್ಲಾಟ್ ಬೇಸರ
ಸ್ಟಾಕ್‌ಹೋಮ್ ಸರ್, ಆ ಆ್ಯಂಟಿಬಾಡಿ ಮನುಷ್ಯರದ್ದಕ್ಕೆ ಮಾಡಿದ್ದಲ್ವಾ? ನನ್ನದು ರ್ಯಾಟ್.

ಸ್ಟಾಕ್‌ಹೋಮ್ ಕನ್ನಡಿಗ
ಹೌದು, ಮನುಷ್ಯರ ಬೀಟಾಗೆ ಮಾಡಿದ್ದು. ಆದರೆ 2019ರಲ್ಲಿ ಜಪಾನಿನ ಗುಂಪು ಅದು ರ್ಯಾಟ್, ಮೌಸ್ ಎರಡರ ಬೀಟಾವನ್ನೂ ಹಿಡಿಯುತ್ತದೆ ಎಂದು ತೋರಿಸಿತು. ಎರಡನೇ ಆ್ಯಂಟಿಬಾಡಿಯಾಗಿ ಅದನ್ನೇ ತರಿಸಿ. ನಿಮ್ಮದು ಬಾಲದ ತುದಿಯ ಪೆಪ್ಟೈಡಾ, ತಲೆಯ ತುದಿಯದಾ?

ಬ್ಲಾಟ್ ಬೇಸರ
ಡೇಟಾಶೀಟ್‌ನಲ್ಲಿ ಸಿ ಟರ್ಮಿನಸ್, ಅಂದರೆ ಬಾಲದ ತುದಿಯ ಹತ್ತಿರ ಎಂದಿದೆ. ಅನುಕ್ರಮ ಕೊಟ್ಟಿಲ್ಲ, ಗುಟ್ಟಂತೆ.

ಹಾರ್ಮೋನ್ ಅಕ್ಕ
ಗುಟ್ಟಿಟ್ಟುಕೊಂಡು ನಮ್ಮ ಕೈಯಲ್ಲಿ ಕಂಟ್ರೋಲ್ ಮಾಡಿಸುತ್ತಾರೆ. ಚೆನ್ನಾಗಿದೆ.

ಆದರೂ ತುದಿಯಿಂದ ಆರಿಸಿದ್ದಕ್ಕೆ ಕಾರಣ ಇದೆ. ಮನುಷ್ಯರಲ್ಲಿ 48 ನ್ಯೂಕ್ಲಿಯರ್ ರಿಸೆಪ್ಟರ್‌ಗಳಿವೆ, ಎಲ್ಲವೂ ಒಂದೇ ಮನೆತನ. ನಡುವಿನ ಡಿಎನ್‌ಎ ಹಿಡಿಯುವ ಭಾಗ, ಎರಡು ಝಿಂಕ್ ಫಿಂಗರ್ ಇರುವುದು, ಈಸ್ಟ್ರೊಜೆನ್ ರಿಸೆಪ್ಟರ್‌ನ ಎರಡು ಬಗೆಗಳಾದ ಆಲ್ಫಾ ಮತ್ತು ಬೀಟಾದಲ್ಲಿ ಹೆಚ್ಚೂಕಮ್ಮಿ ಪಡಿಯಚ್ಚು. ಅಲ್ಲಿಂದ ಪೆಪ್ಟೈಡ್ ತೆಗೆದರೆ ಆ್ಯಂಟಿಬಾಡಿ ಇಬ್ಬರನ್ನೂ ಹಿಡಿಯುತ್ತದೆ, ಪೆಪ್ಟೈಡ್ ಇಬ್ಬರನ್ನೂ ಮಾಯ ಮಾಡುತ್ತದೆ. ತಲೆಯ ಕಡೆಯ ಭಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಬಾಲದ ತುದಿಯೂ ಸಾಕಷ್ಟು ಬೇರೆ. ಅದಕ್ಕೇ ಒಳ್ಳೆಯ ಆ್ಯಂಟಿಬಾಡಿಗಳು ಈ ಎರಡು ತುದಿಗಳಿಂದ ಬರುತ್ತವೆ.

ನಿಮ್ಮ 75 ಆಲ್ಫಾ ಇರಲಾರದು. ಆಲ್ಫಾ 66ಕ್ಕೆ ಬರುತ್ತದೆ.

ಮೈನಸ್ ಎಂಬತ್ತು
ವೈಯಲ್ ಖಾಲಿಯಾದ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಲೆಕ್ಕ ನೋಡಿ. ಆ್ಯಂಟಿಬಾಡಿ ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸಾವಿರಕ್ಕೆ ಒಂದು ಡೈಲ್ಯೂಶನ್, 10 ಎಂಎಲ್ ಬಫರ್. ಅಲ್ಲಿಗೆ 10 ಮೈಕ್ರೋಗ್ರಾಂ ಆ್ಯಂಟಿಬಾಡಿ. ತೂಕಕ್ಕೆ ಐದು ಪಟ್ಟು ಪೆಪ್ಟೈಡ್ ಹಾಕಿ ಎನ್ನುತ್ತಾರೆ, 50 ಮೈಕ್ರೋಗ್ರಾಂ ಆಯಿತು. ವೈಯಲ್‌ನಲ್ಲಿ ಇದ್ದದ್ದೇ ಅಷ್ಟು ತಾನೇ?

ಟ್ರೇ ಬಿಡಿ. ಮೆಂಬ್ರೇನ್ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಲ್ ಮಾಡಿ. 2 ಎಂಎಲ್ ಸಾಕು. 2 ಮೈಕ್ರೋಗ್ರಾಂ ಆ್ಯಂಟಿಬಾಡಿ, 10 ಮೈಕ್ರೋಗ್ರಾಂ ಪೆಪ್ಟೈಡ್. ಮೊದಲು ಎರಡನ್ನೂ ಚಿಕ್ಕ ಟ್ಯೂಬಿನಲ್ಲಿ ಕಮ್ಮಿ ಬಫರ್‌ನಲ್ಲಿ ಕಲಸಿ, ರೂಮ್ ಟೆಂಪರೇಚರ್‌ನಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆ, ಇಲ್ಲಾ 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ. ಆಮೇಲೆ ಡೈಲ್ಯೂಟ್ ಮಾಡಿ.

ಸಾವನದುರ್ಗ
ಐದು ಪಟ್ಟು ಕಮ್ಮಿ ಆಯಿತು. ನಮ್ಮಲ್ಲಿ ನೂರು ಪಟ್ಟು ಹಾಕುತ್ತಾರೆ.

ಮೈನಸ್ ಎಂಬತ್ತು
ತೂಕಕ್ಕೋ, ಮೋಲ್‌ಗೋ? ಮೊದಲು ಅದನ್ನು ಹೇಳಿ. ಐಜಿಜಿ 150 ಕಿಲೋಡಾಲ್ಟನ್. 15–20 ಅಮೈನೋ ಆಮ್ಲದ ಪೆಪ್ಟೈಡ್ ಸುಮಾರು 2 ಕಿಲೋಡಾಲ್ಟನ್. 1 ಮೈಕ್ರೋಗ್ರಾಂ ಐಜಿಜಿ ಎಂದರೆ 6.7 ಪಿಕೋಮೋಲ್. 5 ಮೈಕ್ರೋಗ್ರಾಂ ಪೆಪ್ಟೈಡ್ ಎಂದರೆ 2500 ಪಿಕೋಮೋಲ್. ತೂಕದಲ್ಲಿ ಐದು ಪಟ್ಟು, ಅಣುಗಳ ಲೆಕ್ಕದಲ್ಲಿ 370ಕ್ಕೂ ಜಾಸ್ತಿ. ಒಂದು ಐಜಿಜಿಗೆ ಎರಡು ಕೈ ಎಂದು ಹಿಡಿದರೂ ಕೈಗೆ 180ರ ಮೇಲೆ ಬೀಳುತ್ತದೆ. ತೂಕಕ್ಕೆ ನೂರು ಪಟ್ಟು ಸುರಿಯುವುದು ದುಡ್ಡು ಚೆಲ್ಲಿದಂತೆ.

ಸಾವನದುರ್ಗ
ನಮ್ಮದು ಮೋಲ್ ಲೆಕ್ಕವೇ ಇರಬೇಕು, ಸೀನಿಯರ್ ಬರೆದಿಟ್ಟ ಚೀಟಿಯಲ್ಲಿ ಬರೀ 100ಎಕ್ಸ್ ಎಂದಿದೆ 😄

ಕರಾವಳಿ ಸೆಲ್‌ಕಲ್ಚರ್
ಎಲ್ಲ ಲ್ಯಾಬ್‌ನಲ್ಲೂ ಅಂಥ ಒಂದು ಚೀಟಿ ಇರುತ್ತದೆ, ಬರೆದವರು ಅಮೆರಿಕದಲ್ಲಿ ಇರುತ್ತಾರೆ.

ಪೆಪ್ಟೈಡ್ ಪುಡಿಯ ಬಗ್ಗೆ ಎರಡು ಮಾತು. ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ, ರೂಮ್ ಟೆಂಪರೇಚರ್‌ಗೆ ಬರಲಿ. ನಮ್ಮ ಮಂಗಳೂರಿನ ಸೆಕೆಯಲ್ಲಿ ತೆರೆದ ಕೂಡಲೇ ಒಳಗೆ ನೀರು ಕೂರುತ್ತದೆ. ಒಮ್ಮೆ ಸ್ಪಿನ್ ಮಾಡಿ, ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಕರಗದಿದ್ದರೆ ಜಾತಿ ನೋಡಿ ಕರಗಿಸಿ. ಬೇಸಿಕ್ ಪೆಪ್ಟೈಡ್ ಆದರೆ ತೆಳು ಅಸಿಟಿಕ್ ಆಸಿಡ್, ಆಸಿಡಿಕ್ ಆದರೆ ತೆಳು ಅಮೋನಿಯಂ ಬೈಕಾರ್ಬೊನೇಟ್, ನೀರಿಗೇ ಒಗ್ಗದ್ದಾದರೆ ಒಂದು ಹನಿ ಡಿಎಂಎಸ್‌ಒ. ಸಿಸ್ಟೀನ್ ಇದ್ದರೆ ಡಿಎಂಎಸ್‌ಒ ಬೇಡ. ತುದಿಯಲ್ಲಿ ಸಿಸ್ಟೀನ್ ಇರುವುದು ಮಾಮೂಲು, ಮೊಲಕ್ಕೆ ಚುಚ್ಚುವ ಮೊದಲು ಕೆಎಲ್‌ಎಚ್ ಎಂಬ ದೊಡ್ಡ ಪ್ರೋಟೀನಿಗೆ ಕಟ್ಟಲು ಸೇರಿಸಿರುತ್ತಾರೆ. ಕರಗಿಸಿದಮೇಲೆ ಚಿಕ್ಕ ಚಿಕ್ಕ ಟ್ಯೂಬ್ ಮಾಡಿ ಇಡಿ, ಪದೇ ಪದೇ ಕರಗಿಸಿ ಗಟ್ಟಿ ಮಾಡಬೇಡಿ.

ಪೆಪ್ಟೈಡ್ ಇಲ್ಲದ ಟ್ಯೂಬಿಗೂ ಅಷ್ಟೇ ಬಫರ್, ಅಷ್ಟೇ ಡಿಎಂಎಸ್‌ಒ ಹಾಕಬೇಕು, ಅಷ್ಟೇ ಹೊತ್ತು ತಿರುಗಿಸಬೇಕು. ಇದನ್ನು ಅರ್ಧ ಜನ ಮಾಡುವುದೇ ಇಲ್ಲ ಮಾರಾಯ್ರೆ.

ಸ್ಟೋರ್ಸ್ ಸೆಕ್ಷನ್
ನಾನು ವಿಜ್ಞಾನಿ ಅಲ್ಲ, ಒಂದು ಸಂಸ್ಥೆಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಪೆಪ್ಟೈಡ್ ಪುಡಿಗೆ ಡ್ರೈ ಐಸ್ ಬೇಕಾಗಿಲ್ಲ ಎಂದು ನಿಮ್ಮವರೇ ಹೇಳುತ್ತಾರೆ. ಕೆಲವು ಡೀಲರ್‌ಗಳು ಆದರೂ ಡ್ರೈ ಐಸ್ ಚಾರ್ಜ್ ಹಾಕುತ್ತಾರೆ. ಇಂಡೆಂಟ್ ಹಾಕುವಾಗ ಪೆಪ್ಟೈಡನ್ನೂ ಆ್ಯಂಟಿಬಾಡಿಯನ್ನೂ ಒಟ್ಟಿಗೆ ಹಾಕಿ, ಲಾಟ್ ನಂಬರ್ ಕೇಳಿ ಬರೆಸಿಕೊಳ್ಳಿ. ಆರು ತಿಂಗಳು ಬಿಟ್ಟು ಪೆಪ್ಟೈಡ್ ಬೇಕು ಎಂದರೆ ಮತ್ತೆ ಮೂರು ಕೊಟೇಶನ್, ಮತ್ತೆ ಕಮಿಟಿ ಸಹಿ. ಆಮೇಲೆ ನಮ್ಮ ಮೇಲೆ ಕೂಗಾಡುತ್ತೀರಿ.

ಮೈನಸ್ ಎಂಬತ್ತು
ಗಣೇಶ ಹಬ್ಬದ ಹಿಂದಿನ ಸಂಜೆ ಆ್ಯಂಟಿಬಾಡಿ ಡಬ್ಬ ಗೇಟಿನಲ್ಲಿ ಇಳಿಸಿ ಹೋಗುವ ಡೀಲರ್ ಬಗ್ಗೆಯೂ ಒಂದು ಮಾತು ಹೇಳಿ ಸರ್.

ಸ್ಟೋರ್ಸ್ ಸೆಕ್ಷನ್
ಅದಕ್ಕೆ ಬೇರೆ ಥ್ರೆಡ್ ಬೇಕು.

ಹಳೇ ಲ್ಯಾಬ್
ನಿವೃತ್ತನಾಗಿದ್ದೇನೆ, ಸಮಯ ಇದೆ, ಉದ್ದ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಈ ರಿಸೆಪ್ಟರ್‌ಗಳನ್ನು ಕಂಡುಹಿಡಿದದ್ದು ಆ್ಯಂಟಿಬಾಡಿಯಿಂದ ಅಲ್ಲ. ಷಿಕಾಗೊದಲ್ಲಿ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ಟ್ರಿಷಿಯಂ ಸೇರಿಸಿದ ಈಸ್ಟ್ರಡಯಾಲ್ ಮಾಡಿ ಎಳೆಯ ರ್ಯಾಟ್‌ಗೆ ಕೊಟ್ಟು, ಅದು ಯಾವ ಅಂಗದಲ್ಲಿ ಉಳಿಯುತ್ತದೆ ಎಂದು ನೋಡಿದರು. ಗರ್ಭಕೋಶದಲ್ಲಿ ಉಳಿಯಿತು. ಅಂದರೆ ಅಲ್ಲಿ ಹಿಡಿದುಕೊಳ್ಳುವ ಏನೋ ಇದೆ. ಜೆಫ್ರಿ ಗ್ರೀನ್ ಜೊತೆ ಆ್ಯಂಟಿಬಾಡಿ ಬಂದದ್ದು 1977ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಹಾರ್ಮೋನನ್ನೇ ಬಳಸಿ ಅಳೆಯುತ್ತಿದ್ದರು.

ಆ ವಿಧಾನದಲ್ಲೂ ನಿಮ್ಮ ಪೆಪ್ಟೈಡಿನಂಥ ಕಂಟ್ರೋಲ್ ಇತ್ತು. ಬಿಸಿ ಹಾರ್ಮೋನ್ ಜೊತೆ ತಣ್ಣನೆಯ ಹಾರ್ಮೋನ್ ನೂರಾರು ಪಟ್ಟು ಹಾಕುವುದು, ಅಂದರೆ ವಿಕಿರಣ ಇಲ್ಲದ್ದು. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆವು. ಬೇರೆ ಸ್ಟಿರಾಯ್ಡ್‌ಗಳನ್ನೂ ಒಂದೊಂದಾಗಿ ಹಾಕಿ ಯಾವುದು ತಳ್ಳುತ್ತದೆ, ಯಾವುದು ತಳ್ಳುವುದಿಲ್ಲ ಎಂದು ನೋಡುವುದು. ಈಗಿನ ಮಕ್ಕಳು ಸರಿಯಾದ ಪೆಪ್ಟೈಡ್ ಒಂದನ್ನೇ ಹಾಕುತ್ತಾರೆ. ಸಂಬಂಧವಿಲ್ಲದ ಪೆಪ್ಟೈಡ್ ಎಲ್ಲಿ? ಅದೇ ಅಮೈನೋ ಆಮ್ಲಗಳ ಸಾಲನ್ನು ಹಿಂದೆಮುಂದೆ ಮಾಡಿದ ಪೆಪ್ಟೈಡ್ ಎಲ್ಲಿ? ಅದಕ್ಕೂ ಬ್ಯಾಂಡ್ ಹೋದರೆ ನಿಮ್ಮ ಬಫರ್‌ನಲ್ಲೇ ತೊಂದರೆ.

ಬ್ಲಾಟ್ ಬೇಸರ
ಸರ್, ಬೇರೆ ಪೆಪ್ಟೈಡ್ ಹಾಕುವುದು ನನಗೆ ಹೊಳೆದೇ ಇರಲಿಲ್ಲ. ಪಕ್ಕದ ಲ್ಯಾಬ್‌ನಲ್ಲಿ ಪಿಪಿಎಆರ್ ಗಾಮಾ ಎಂಬ ಬೇರೆ ರಿಸೆಪ್ಟರ್‌ನ ಪೆಪ್ಟೈಡ್ ಇದೆ. ಅದನ್ನು ಹಾಕಬಹುದಾ?

ಹಳೇ ಲ್ಯಾಬ್
ಧಾರಾಳವಾಗಿ ಹಾಕಮ್ಮ. ಪಟ್ಟಿಗಳು ಒಂದೇ ಜೆಲ್‌ನಿಂದ ಕತ್ತರಿಸಿದವು ಇರಲಿ. ಎಲ್ಲವನ್ನೂ ಒಂದೇ ಚಿತ್ರದಲ್ಲಿ, ಒಂದೇ ಎಕ್ಸ್‌ಪೋಶರ್‌ನಲ್ಲಿ ತೆಗೆ.

ಹಾರ್ಮೋನ್ ಅಕ್ಕ
ಎಕ್ಸ್‌ಪೋಶರ್ ಮಾತು ಬಂತಲ್ಲ, ಪೆಪ್ಟೈಡ್ ಹಾಕಿದ ಪಟ್ಟಿಗೆ ಐದು ಸೆಕೆಂಡ್, ಹಾಕದ್ದಕ್ಕೆ ಒಂದು ನಿಮಿಷ ಕೊಟ್ಟು "ನೋಡಿ ಹೋಯಿತು" ಎನ್ನುವ ಚಿತ್ರಗಳೂ ಇವೆ. ಹೆಸರು ಬೇಡ.

ಟಿಶ್ಯೂ ಬಣ್ಣ ಹಾಕುವವರಿಗೆ ಇನ್ನೊಂದು ಗುಂಡಿ ಇದೆ. ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿದರೆ ಸಾಕು, ನ್ಯೂಕ್ಲಿಯರ್ ರಿಸೆಪ್ಟರ್ ಅಲ್ವಾ, ಸರಿಯಾಗಿಯೇ ಬಂದಿದೆ ಎಂದು ಸಮಾಧಾನ. ಮೊಲದ ಪಾಲಿಕ್ಲೋನಲ್‌ಗಳಲ್ಲಿ ಎಷ್ಟೋ ನ್ಯೂಕ್ಲಿಯಸ್‌ಗೆ ಸುಮ್ನೆ ಅಂಟುತ್ತವೆ. ಜಾಗ ಸರಿ ಇದ್ದರೆ ಮಾತ್ರ ಸಾಲದು. ವಿಟಮಿನ್ ಡಿ ರಿಸೆಪ್ಟರ್‌ನಲ್ಲಿ ಇದೇ ಆಗಿತ್ತು. ಸ್ನಾಯು ಅಲ್ಲಿ ಇಲ್ಲಿ ಎಲ್ಲ ಕಡೆ ಇದೆ ಎಂದು ಬರೆದಿದ್ದರು. ವಿಸ್ಕಾನ್ಸಿನ್‌ನಲ್ಲಿ ಹೆಕ್ಟರ್ ಡಿಲೂಕಾ ಗುಂಪು 2010ರಲ್ಲಿ ರಿಸೆಪ್ಟರೇ ಇಲ್ಲದ ಮೌಸ್‌ನ ಟಿಶ್ಯೂ ಇಟ್ಟುಕೊಂಡು ಪರೀಕ್ಷೆ ಮಾಡಿತು. ರಿಸೆಪ್ಟರ್ ಇಲ್ಲದ ಪ್ರಾಣಿಯಲ್ಲೂ ಎಷ್ಟೋ ಆ್ಯಂಟಿಬಾಡಿ ಬಣ್ಣ ಕೊಟ್ಟವು! ಡಿ-6 ಎಂಬುದು ಮಾತ್ರ ಗೆದ್ದಿತು. ಕಾಯಂ ಆಗಿ ಸಿಗುವ ಜಾಗ ಸಣ್ಣ ಕರುಳಿನ ಮೊದಲ ಭಾಗ, ಮೂತ್ರಪಿಂಡ.

ರಿವ್ಯೂವರ್ ನಂಬರ್ ಎರಡು
ಅದಕ್ಕೇ ಹೇಳುವುದು, ನಾಕ್‌ಔಟ್, ಅಂದರೆ ಆ ಜೀನ್ ತೆಗೆದ ಪ್ರಾಣಿ, ಒಂದೇ ಸತ್ಯ.

ಸ್ಟಾಕ್‌ಹೋಮ್ ಕನ್ನಡಿಗ
ಅಷ್ಟು ಸುಲಭ ಅಲ್ಲ ಸ್ವಾಮಿ. 1998ರಲ್ಲಿ ಬಂದ ಮೊದಲ ಇಆರ್ ಬೀಟಾ ನಾಕ್‌ಔಟ್ ಮೌಸ್‌ನಲ್ಲಿ ಜೀನ್ ಪೂರ್ತಿ ಸುಮ್ಮನಾಗಿರಲಿಲ್ಲ. ಕತ್ತರಿಸಿದ ಭಾಗವನ್ನು ಹಾರಿಸಿ ಆರ್‌ಎನ್‌ಎ ಬರುತ್ತಿತ್ತು. ಪೂರ್ತಿ ತೆಗೆದ ಮೌಸ್ ಬಂದದ್ದು 2008ರಲ್ಲಿ, ಫ್ರಾನ್ಸಿನ ಶಾಂಬೋನ್ ಗುಂಪಿನಿಂದ. ಬಾಲ ಹಿಡಿಯುವ ಆ್ಯಂಟಿಬಾಡಿ ಹಳೆಯ ನಾಕ್‌ಔಟ್‌ನಲ್ಲಿ ಬ್ಯಾಂಡ್ ತೋರಿಸಿದರೆ ಆ್ಯಂಟಿಬಾಡಿ ಕೆಟ್ಟದ್ದೋ, ನಾಕ್‌ಔಟ್ ಕೆಟ್ಟದ್ದೋ?

ರಿವ್ಯೂವರ್ ನಂಬರ್ ಎರಡು
ಒಳ್ಳೆಯ ನಾಕ್‌ಔಟ್ ಎಂದು ಓದಿಕೊಳ್ಳಿ.

ಪಿಪೆಟ್ ಪುಟ್ಟಪ್ಪ
ಮೈಸೂರಿನ ಹುಡುಗಿಗೆ ಫ್ರಾನ್ಸಿನ ಮೌಸ್ ಎಲ್ಲಿಂದ ತರೋಣ? ಎಥಿಕ್ಸ್ ಕಮಿಟಿ, ಆಮದು ಪರವಾನಗಿ ಎನ್ನುವಷ್ಟರಲ್ಲಿ ಫೆಲೋಶಿಪ್ ಮುಗಿಯುತ್ತದೆ. ಕೈಗೆಟಕುವ ದಾರಿ ಹೇಳಿ.

ಕರಾವಳಿ ಸೆಲ್‌ಕಲ್ಚರ್
ಎಚ್‌ಇಕೆ293 ಎಂಬ ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಸೆಲ್ ತೆಗೆದುಕೊಳ್ಳಿ, ಯಾವುದಾದರೂ ಲ್ಯಾಬ್‌ನಲ್ಲಿ ಇದ್ದೇ ಇರುತ್ತದೆ. ಫ್ಲಾಗ್ ಟ್ಯಾಗ್ (ಗುರುತಿಗೆ ಸೇರಿಸಿದ ಚಿಕ್ಕ ತುಣುಕು) ಇರುವ ಇಆರ್ ಬೀಟಾ ಜೀನ್ ಹೊತ್ತ ಪ್ಲಾಸ್ಮಿಡ್ ಅಡ್‌ಜೀನ್ ಎಂಬ ಪ್ಲಾಸ್ಮಿಡ್ ಹಂಚುವ ಸಂಸ್ಥೆಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಇದೆಯೇ ಎಂದು ಮೊದಲು ಕೇಳಿ. ಒಂದು ತಟ್ಟೆಗೆ ಪ್ಲಾಸ್ಮಿಡ್ ಹಾಕಿ, ಇನ್ನೊಂದಕ್ಕೆ ಖಾಲಿ ವೆಕ್ಟರ್, ಅಂದರೆ ಬೀಟಾ ಜೀನ್ ಇಲ್ಲದ ಪ್ಲಾಸ್ಮಿಡ್. ಎರಡರ ಲೈಸೇಟನ್ನೂ (ಸೆಲ್ ಒಡೆದು ತೆಗೆದ ರಸ) ನಿಮ್ಮ ಅಂಡಾಶಯದ ಲೈಸೇಟ್ ಪಕ್ಕದಲ್ಲಿ ಓಡಿಸಿ. ನಿಮ್ಮ ಆ್ಯಂಟಿಬಾಡಿ ತೋರಿಸುವ ಬ್ಯಾಂಡೂ ಫ್ಲಾಗ್ ಆ್ಯಂಟಿಬಾಡಿ ತೋರಿಸುವ ಬ್ಯಾಂಡೂ ಒಂದೇ ಸಾಲಿಗೆ ಬಂದರೆ 59 ನಿಮ್ಮದು. ಖಾಲಿ ವೆಕ್ಟರ್ ಲೇನ್‌ನಲ್ಲೂ 75 ಬಂದರೆ ಅದಕ್ಕೆ ಟಾಟಾ.

ಆಂಡ್ರೊಜೆನ್ ರಿಸೆಪ್ಟರ್ ಮಾಡುವವರಿಗೆ ಇನ್ನೂ ಸುಲಭ. ಎಲ್‌ಎನ್‌ಕ್ಯಾಪ್ ಸೆಲ್‌ನಲ್ಲಿ ಇದೆ, ಪಿಸಿ-3 ಸೆಲ್‌ನಲ್ಲಿ ಇಲ್ಲ. ಇಆರ್ ಆಲ್ಫಾ ಎಂಸಿಎಫ್-7ರಲ್ಲಿ ಇದೆ, ಎಂಡಿಎ-ಎಂಬಿ-231ರಲ್ಲಿ ಇಲ್ಲ. ಪುಣೆಯ ಎನ್‌ಸಿಸಿಎಸ್ ಸಂಸ್ಥೆಯಿಂದ ಸೆಲ್ ತರಿಸಬಹುದು. ಪೆಪ್ಟೈಡ್‌ಗಿಂತ ಇದು ಹತ್ತು ಪಟ್ಟು ಗಟ್ಟಿ ಸಾಕ್ಷಿ.

ಧಾರವಾಡ ಪೇಡ
ಇದು ಕೆಲಸಕ್ಕೆ ಬರೋ ಮಾತು. ಇದನ್ನ ಮೊದಲೇ ಹೇಳಬೇಕಿತ್ತಲ್ರೀ, ನಾವು ಸ್ವೀಡನ್, ಷಿಕಾಗೊ ಎಲ್ಲ ಸುತ್ತಿ ಬಂದ್ವಿ.

ಸಾವನದುರ್ಗ
75 ಎಂದರೆ ಬೀಟಾಕ್ಕೆ ಸುಮೊ (ಬೇರೆ ಪ್ರೋಟೀನಿಗೆ ಸೇರಿಕೊಳ್ಳುವ ಚಿಕ್ಕ ಪ್ರೋಟೀನ್) ಸೇರಿದ್ದೂ ಇರಬಹುದಲ್ವಾ? ಇಷ್ಟು ಬೇಗ ಟಾಟಾ ಹೇಳಬೇಡಿ.

ಹಾರ್ಮೋನ್ ಅಕ್ಕ
ಇರಬಹುದು. ಸುಮೊ ಸೇರಿದರೆ ಜೆಲ್‌ನಲ್ಲಿ ಅಷ್ಟು ಮೇಲೆ ಹೋಗುವುದು ಉಂಟು. ಹಾಗಿದ್ದರೆ ತೋರಿಸಬೇಕು. ಲೈಸಿಸ್ ಬಫರ್‌ಗೆ ಎನ್-ಈಥೈಲ್‌ಮಾಲಿಮೈಡ್ ಹಾಕದಿದ್ದರೆ ಸೆಲ್ ಒಡೆದ ಕೂಡಲೇ ಸುಮೊ ಕಳಚಿಹೋಗುತ್ತದೆ. ಬೇಸರ ಅವರು ಅದನ್ನು ಹಾಕಿದ್ದಾರಾ? ಹಾಕದೆಯೇ ಅಸಲಿ ಬ್ಯಾಂಡ್‌ಗಿಂತ ದಪ್ಪ ಇದೆ ಎಂದರೆ ನನಗೆ ನಂಬಿಕೆ ಇಲ್ಲ. ಆ್ಯಂಟಿಬಾಡಿ ಹಿಡಿಯಲು ಐದರಿಂದ ಎಂಟು ಅಮೈನೋ ಆಮ್ಲ ಹೊಂದಿದರೂ ಸಾಕು. ಅಷ್ಟು ಹೋಲಿಕೆ ಇರುವ ಇನ್ನೊಂದು ಪ್ರೋಟೀನ್ ಇರುವುದೇನೂ ಆಶ್ಚರ್ಯ ಅಲ್ಲ.

ಬ್ಲಾಟ್ ಬೇಸರ
ಹಾಕಿಲ್ಲ ಅಕ್ಕ. ಮಾಮೂಲಿ ರೀಪಾ ಬಫರ್.

ಇನ್ನೊಂದು ಗೊಂದಲ. ಹಳೆಯ ಪೇಪರ್‌ಗಳಲ್ಲಿ ರ್ಯಾಟ್ ಬೀಟಾ 54–55 ಎಂದಿದೆ. ನನ್ನದು 59.

ಸ್ಟಾಕ್‌ಹೋಮ್ ಕನ್ನಡಿಗ
1996ರ ಪೇಪರ್‌ನಲ್ಲಿ 485 ಅಮೈನೋ ಆಮ್ಲ ಎಂದು ಬಂದಿತ್ತು. ತಲೆಯ ಕಡೆ ಇನ್ನೊಂದಿಷ್ಟು ಇದೆ ಎಂದು ಆಮೇಲೆ ಗೊತ್ತಾಗಿ 530 ಆಯಿತು. 59 ಸರಿಯಾದ ಜಾಗವೇ.

ಸಾವನದುರ್ಗ
ವಿಷಯ ಬಿಟ್ಟು ಕೇಳುತ್ತೇನೆ. ಹಳೇ ಪೇಪರ್‌ಗಳಲ್ಲಿ ಬರುವ ಎಂಸಿ-20, ಎನ್-20 ಎಂಬ ಆ್ಯಂಟಿಬಾಡಿಗಳು ಈಗ ಯಾಕೆ ಸಿಗುವುದಿಲ್ಲ? ಅವುಗಳ ಬ್ಲಾಕಿಂಗ್ ಪೆಪ್ಟೈಡ್ ಮಾತ್ರ ನಮ್ಮ ಫ್ರೀಜರ್‌ನಲ್ಲಿ ಬಿದ್ದಿದೆ.

ಮೈನಸ್ ಎಂಬತ್ತು
ಸಾಂತಾ ಕ್ರೂಝ್ ಬಯೋಟೆಕ್ನಾಲಜಿ ಎಂಬ ಅಮೆರಿಕದ ಕಂಪನಿಯವು. ಆ್ಯಂಟಿಬಾಡಿ ತೆಗೆಯಲು ಸಾಕಿದ ಮೇಕೆಗಳನ್ನು ನೋಡಿಕೊಂಡ ರೀತಿಯ ಮೇಲೆ ಅಮೆರಿಕದ ಕೃಷಿ ಇಲಾಖೆಯ ಕೇಸ್ ನಡೆದು, 2016ರಲ್ಲಿ 35 ಲಕ್ಷ ಡಾಲರ್ ದಂಡಕ್ಕೆ ಒಪ್ಪಂದವಾಯಿತು. ಕಂಪನಿಯ ಲೈಸೆನ್ಸ್ ರದ್ದಾಯಿತು. ಮೇಕೆ, ಮೊಲದ ಪಾಲಿಕ್ಲೋನಲ್‌ಗಳು ಹೋದವು, ಈಗ ಬಹುಪಾಲು ಮಾನೋಕ್ಲೋನಲ್. ಆ ಪೆಪ್ಟೈಡ್ ಹೊಸ ಆ್ಯಂಟಿಬಾಡಿಗೆ ಹೊಂದುತ್ತದೆ ಎಂದು ಸುಮ್ನೆ ಹಾಕಬೇಡಿ. ಮಾನೋಕ್ಲೋನಲ್ ಎಷ್ಟೋ ಸಲ ದೊಡ್ಡ ತುಣುಕಿನಿಂದ ಬಂದಿರುತ್ತದೆ, ಚಿಕ್ಕ ಪೆಪ್ಟೈಡ್ ಅದನ್ನು ತಡೆಯದಿರಬಹುದು. ಬ್ಯಾಂಡ್ ಹೋಗಲಿಲ್ಲ ಎಂದು ಒಳ್ಳೆಯ ಆ್ಯಂಟಿಬಾಡಿಯನ್ನು ಬೈಯುತ್ತಾ ಕೂರುತ್ತೀರಿ.

ಕುತೂಹಲಿ
ಮೇಕೆ ಕಥೆ ಇಲ್ಲಿಗೆ ಬರುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಬ್ಲಾಟ್ ಬೇಸರ
ಎಲ್ಲರಿಗೂ ಥ್ಯಾಂಕ್ಸ್. ಗೈಡ್ ಜೊತೆ ಮಾತಾಡಿದೆ. ಮೊದಲು ಮುಖ ಗಂಟಿಕ್ಕಿದರು, ಎಚ್‌ಇಕೆ ಸೆಲ್ ಪಕ್ಕದ ಲ್ಯಾಬ್‌ನಲ್ಲೇ ಇದೆ ಎಂದಮೇಲೆ ಒಪ್ಪಿದರು. ಪ್ಲಾಸ್ಮಿಡ್‌ಗೆ ಬೆಂಗಳೂರಿನ ಒಬ್ಬರಿಗೆ ಮೇಲ್ ಹಾಕಿದ್ದೇವೆ. ಪೆಪ್ಟೈಡ್ ಚಿತ್ರವನ್ನೂ ಬಿಡುವುದಿಲ್ಲ, ರಿವ್ಯೂವರ್ ಕೇಳಿದ್ದಾರಲ್ಲ. ಅದರ ಕೆಳಗೆ ಏನೆಂದು ಬರೆಯಲಿ?

ಪಿಪೆಟ್ ಪುಟ್ಟಪ್ಪ
"ಇಮ್ಯುನೋಜೆನ್ ಪೆಪ್ಟೈಡ್ ಜೊತೆ ಮೊದಲೇ ಕಲಸಿದಾಗ ಎರಡೂ ಬ್ಯಾಂಡ್ ಇಲ್ಲವಾದವು, ಸಂಬಂಧವಿಲ್ಲದ ಪೆಪ್ಟೈಡ್‌ಗೆ ಉಳಿದವು." ಉಳಿದರೆ ತಾನೇ! ಮಾಡಿ ನೋಡಿ ಬರೆಯಿರಿ. ಸ್ಪೆಸಿಫಿಕ್ ಎಂಬ ಮಾತು ಬೇಡ. ಯಾವ ಬ್ಯಾಂಡ್ ಬೀಟಾ ಎನ್ನುವುದನ್ನು ಫ್ಲಾಗ್ ಚಿತ್ರ ಹೇಳಲಿ. ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಪೆಪ್ಟೈಡ್ ಎಷ್ಟು ಮೈಕ್ರೋಗ್ರಾಂ, ಎಷ್ಟು ಹೊತ್ತು, ಎಲ್ಲ ಮೆಥಡ್ಸ್‌ನಲ್ಲಿ ಹಾಕಿ. ಬ್ಲಾಟ್ ಕತ್ತರಿಸದೆ ಪೂರ್ತಿ ಕೊಡಿ.

ಧಾರವಾಡ ಪೇಡ
75 ಕತ್ತರಿಸಿದರೆ ಪುಟ್ಟಪ್ಪ ಮನೆಗೇ ಬರುತ್ತಾರೆ, ಹುಷಾರ್ ತಂಗಿ.

ಮಲ್ಲಿಗೆ ಮೊಗ್ಗು
ತಡವಾಗಿ ಬಂದೆ. ನನ್ನದು ಗ್ಲುಕೊಕಾರ್ಟಿಕಾಯ್ಡ್ (ಕಾರ್ಟಿಸೋಲ್ ಥರದ ಹಾರ್ಮೋನ್) ರಿಸೆಪ್ಟರ್. ಅದರ ಆಲ್ಫಾ, ಬೀಟಾ ಎರಡನ್ನೂ ಬೇರೆ ಮಾಡಬೇಕು. ಇಲ್ಲೂ ಪೆಪ್ಟೈಡ್ ದಂಡವೇನಾ?

ಹಾರ್ಮೋನ್ ಅಕ್ಕ
ನಿಮ್ಮಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಬೆಲೆ ಇದೆ. ಮನುಷ್ಯರ ಆಲ್ಫಾ 777, ಬೀಟಾ 742 ಅಮೈನೋ ಆಮ್ಲ. ಮೊದಲ 727 ಎರಡಕ್ಕೂ ಒಂದೇ. ಆಮೇಲೆ ಆಲ್ಫಾಗೆ 50, ಬೀಟಾಗೆ 15 ಮಾತ್ರ ಸ್ವಂತದ್ದು. ಬೀಟಾ ಆ್ಯಂಟಿಬಾಡಿ ಆ 15ರ ಮೇಲೆಯೇ ನಿಲ್ಲಬೇಕು. ಬೀಟಾ ಬಾಲದ ಪೆಪ್ಟೈಡ್ ಒಂದು ಟ್ಯೂಬಿಗೆ, ಆಲ್ಫಾ ಬಾಲದ ಪೆಪ್ಟೈಡ್ ಇನ್ನೊಂದಕ್ಕೆ ಹಾಕಿ. ಮೊದಲನೆಯದರಲ್ಲಿ ಬ್ಯಾಂಡ್ ಹೋಗಿ ಎರಡನೆಯದರಲ್ಲಿ ಉಳಿದರೆ, ಆಲ್ಫಾ ಬಾಲವನ್ನು ಹಿಡಿಯುತ್ತಿಲ್ಲ ಎಂದಾದರೂ ಹೇಳಬಹುದು. ಉಳಿದದ್ದಕ್ಕೆ ಎಚ್‌ಇಕೆ ದಾರಿಯೇ.

ಮಲ್ಲಿಗೆ ಮೊಗ್ಗು
ಆಲ್ಫಾ ಬಾಲದ ಪೆಪ್ಟೈಡ್ ರೆಡಿ ಸಿಗುತ್ತಾ, ಮಾಡಿಸಬೇಕಾ?

ಸ್ಟೋರ್ಸ್ ಸೆಕ್ಷನ್
ಮಾಡಿಸುವುದಾದರೆ ಪ್ಯೂರಿಟಿ ಎಷ್ಟು ಬೇಕು ಎಂದು ಇಂಡೆಂಟ್‌ನಲ್ಲೇ ಬರೆಯಿರಿ. ಬರೆಯದೆ ಕಳಿಸಿದರೆ ಮೂರು ಕೊಟೇಶನ್ ಮೂರು ಥರ ಬರುತ್ತವೆ, ಹೋಲಿಸಲು ಆಗುವುದಿಲ್ಲ, ಫೈಲ್ ವಾಪಸ್ ನಿಮ್ಮ ಟೇಬಲ್‌ಗೇ ಬರುತ್ತದೆ.